ಜಾಲಪ್ರವೇಶದ ದೃಢೀಕರಣ: ಫ್ರೀರೇಡಿಯಸ್ ಸರ್ವರನ್ನು ಸೋರ್ಸ್ ಕೋಡಿನಿಂದ ಸ್ಥಾಪಿಸಿ ನಡೆಸುವ ಕ್ರಮ

ಕಾಲೇಜಿನ ಗ್ರಂಥಾಲಯದಲ್ಲಿ ಕುಳಿತ ವಿದ್ಯಾರ್ಥಿಯೊಬ್ಬನು ತನ್ನ ಫೋನಿನಲ್ಲಿ ಹೆಸರನ್ನೂ ಪಾಸ್‌ವರ್ಡನ್ನೂ ಕೊಟ್ಟು ಸಂಸ್ಥೆಯ ಜಾಲವನ್ನು ಸೇರುತ್ತಾನೆ. ಇದಕ್ಕೆ ಹಿಡಿಯುವ ಕಾಲ ಒಂದೆರಡು ಕ್ಷಣ ಮಾತ್ರ. ಆ ಕ್ಷಣಗಳಲ್ಲಿ ಆತನ ಪಾಸ್‌ವರ್ಡು ಎಲ್ಲಿಗೆ ಹೋಯಿತು, ಅದನ್ನು ಪರೀಕ್ಷಿಸಿದವರಾರು, ಯಾವ ಆಧಾರದಿಂದ ‘ಈತನು ನಮ್ಮವನೇ’ ಎಂಬ ತೀರ್ಮಾನಕ್ಕೆ ಬಂದರು ಎಂಬುದನ್ನು ಆತನು ಅರಿಯನು. ಎಷ್ಟೋ ಕಡೆ ಆತನಿಗೆ ಪಾಠ ಹೇಳುವವರೂ ಅರಿಯರು. ಅದೇ ಪಾಸ್‌ವರ್ಡು ಆತನ ಇ-ಮೇಲಿಗೂ ಅಂಕಪಟ್ಟಿಗೂ ಕೀಲಿಕೈಯಾಗಿರುವುದು ಸಾಮಾನ್ಯವಾದುದರಿಂದ, ಈ ಅಜ್ಞಾನವನ್ನು ಅಲ್ಪವೆಂದು ಎಣಿಸುವಂತಿಲ್ಲ.

ಜಾಲದ ಬಾಗಿಲಲ್ಲಿ ನಿಂತು ಬಂದವರ ಗುರುತನ್ನು ಪರೀಕ್ಷಿಸುವ ತಂತ್ರಾಂಶಗಳಲ್ಲಿ ಫ್ರೀರೇಡಿಯಸ್ ಎಂಬುದು ಬಹು ವ್ಯಾಪಕವಾಗಿ ಬಳಕೆಯಲ್ಲಿದೆ. ಅದರ ಸೋರ್ಸ್ ಕೋಡು ಎಲ್ಲರಿಗೂ ಮುಕ್ತವಾಗಿದೆ. ಆ ಮೂಲದಿಂದಲೇ ಸರ್ವರನ್ನು ಕಟ್ಟುವುದು ಹೇಗೆ, ಕಟ್ಟಿದ್ದನ್ನು ನಡೆಸಿಕೊಂಡು ಹೋಗುವುದು ಹೇಗೆ ಎಂಬುದನ್ನು ಕಾಲೇಜುಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತಿಳಿಸುವುದು ಈ ಲೇಖನದ ಉದ್ದೇಶ. ಕಟ್ಟುವ ಕೆಲಸವು ಒಂದು ಮಧ್ಯಾಹ್ನದಲ್ಲಿ ಮುಗಿಯತಕ್ಕದ್ದು. ನಡೆಸುವ ಕೆಲಸಕ್ಕೆ ಮುಗಿತಾಯವಿಲ್ಲ. ಮೊದಲನೆಯದನ್ನು ಮಾಡಿ ಎರಡನೆಯದನ್ನು ಮರೆತವರ ಜಾಲವು, ಏನನ್ನೂ ಮಾಡದೆ ಸುಮ್ಮನಿದ್ದವರ ಜಾಲಕ್ಕಿಂತಲೂ ಹೆಚ್ಚು ಅಪಾಯಕ್ಕೆ ಗುರಿಯಾಗಬಹುದು. ಇದು ಹೇಗೆಂಬುದು ಮುಂದಿನ ವಿವೇಚನೆಯಿಂದ ಸ್ಪಷ್ಟವಾಗುವುದೆಂದು ನಂಬಿದ್ದೇವೆ.

೧. ರೇಡಿಯಸ್ ಕ್ರಮದ ಉಗಮ

ಫ್ರೀರೇಡಿಯಸ್ ಎಂಬುದು ತಂತ್ರಾಂಶದ ಹೆಸರು. ರೇಡಿಯಸ್ ಎಂಬುದು ಅದು ಅನುಸರಿಸುವ ಸಂವಹನ ನಿಯಮದ ಹೆಸರು. ಈ ನಿಯಮವು ಹುಟ್ಟಿದುದು ದೂರವಾಣಿಯ ಮೂಲಕ ಗಣಕಜಾಲವನ್ನು ಸೇರುತ್ತಿದ್ದ ಕಾಲದಲ್ಲಿ. ಅಮೆರಿಕದ ಮಿಷಿಗನ್ ರಾಜ್ಯದ ವಿಶ್ವವಿದ್ಯಾನಿಲಯಗಳು ಕೂಡಿ ನಡೆಸುತ್ತಿದ್ದ ಮೆರಿಟ್ ನೆಟ್‌ವರ್ಕ್ ಎಂಬ ಸಂಸ್ಥೆಗೆ, ಹಲವು ಊರುಗಳಲ್ಲಿದ್ದ ಮೋಡೆಮ್ ಕೇಂದ್ರಗಳಿಗೆ ಕರೆಮಾಡಿ ಬರುವವರ ಗುರುತನ್ನು ಒಂದೇ ಕಡೆಯಲ್ಲಿ ಪರೀಕ್ಷಿಸುವ ಏರ್ಪಾಡು ಬೇಕಾಗಿತ್ತು. ಪ್ರತಿಯೊಂದು ಕೇಂದ್ರದಲ್ಲಿಯೂ ಎಲ್ಲ ಬಳಕೆದಾರರ ಪಟ್ಟಿಯನ್ನಿಟ್ಟು, ಒಬ್ಬನು ಪಾಸ್‌ವರ್ಡನ್ನು ಬದಲಾಯಿಸಿದಾಗಲೆಲ್ಲ ಎಲ್ಲ ಪಟ್ಟಿಗಳನ್ನೂ ತಿದ್ದುವುದು ಆಗದ ಮಾತು. ೧೯೯೧ರಲ್ಲಿ ಲಿವಿಂಗ್‌ಸ್ಟನ್ ಎಂಟರ್‌ಪ್ರೈಸಸ್ ಎಂಬ ಕಂಪನಿಯು ಇದಕ್ಕೆ ರೇಡಿಯಸ್ ಎಂಬ ಪರಿಹಾರವನ್ನು ಮುಂದಿಟ್ಟಿತು. ಮೊದಲು ೧೯೯೭ರಲ್ಲಿಯೂ, ಪರಿಷ್ಕೃತ ರೂಪದಲ್ಲಿ ೨೦೦೦ದ ಜೂನಿನಲ್ಲಿಯೂ ಅದು ಅಂತರಜಾಲದ ಮಾನಕ ದಾಖಲೆಗಳ ಮಾಲೆಯಲ್ಲಿ ಪ್ರಕಟವಾಯಿತು. ಈ ಪರಿಷ್ಕೃತ ದಾಖಲೆಗೆ ಆರ್‌ಎಫ್‌ಸಿ ೨೮೬೫ ಎಂಬ ಸಂಖ್ಯೆಯಿದೆ.

ಮೋಡೆಮ್‌ಗಳು ಮರೆಯಾದುವು, ನಿಯಮ ಉಳಿಯಿತು. ಅಂದು ದೂರವಾಣಿಯ ಕರೆಗೆ ಬಾಗಿಲು ತೆರೆಯುತ್ತಿದ್ದ ಕ್ರಮವೇ ಇಂದು ವೈ-ಫೈ ಜಾಲಗಳಿಗೂ, ತಂತಿಯ ಜಾಲದ ಸ್ವಿಚ್ಚುಗಳಿಗೂ ಬಾಗಿಲು ತೆರೆಯುತ್ತಿದೆ. ೧೯೯೯ರಲ್ಲಿ ಆಲನ್ ಡಿಕಾಕ್ ಮತ್ತು ಮಿಕೆಲ್ ಫಾನ್ ಸ್ಮೂರೆನ್‌ಬರ್ಗ್ ಎಂಬವರು ಫ್ರೀರೇಡಿಯಸ್ ಯೋಜನೆಯನ್ನು ಪ್ರಾರಂಭಿಸಿದರು. ಅದನ್ನು ಜಿಪಿಎಲ್ ಪರವಾನಗಿಯ ೨ನೆಯ ಆವೃತ್ತಿಯಡಿ ಹಂಚಲಾಗುತ್ತಿದೆ. ಎಂದರೆ ಯಾರು ಬೇಕಾದರೂ ಅದರ ಮೂಲವನ್ನು ಓದಬಹುದು, ತಿದ್ದಬಹುದು, ಆ ಪರವಾನಗಿಯ ನಿಬಂಧನೆಗಳಂತೆ ಇತರರಿಗೂ ಹಂಚಬಹುದು.

೨. ಮೂರು ಪಾತ್ರಗಳು

ಈ ವ್ಯವಸ್ಥೆಯಲ್ಲಿ ಮೂರು ಪಾತ್ರಗಳುಂಟು. ಮೊದಲನೆಯದು ಬಳಕೆದಾರನ ಫೋನು ಅಥವಾ ಗಣಕ. ಎರಡನೆಯದು ಆತನಿಗೆ ಜಾಲವನ್ನು ಒದಗಿಸುವ ಉಪಕರಣ: ವೈ-ಫೈಯ ಆಕ್ಸೆಸ್ ಪಾಯಿಂಟ್, ಅಥವಾ ಸ್ವಿಚ್ಚು. ಮೂರನೆಯದು ರೇಡಿಯಸ್ ಸರ್ವರು. ಇಲ್ಲಿ ಹೊಸಬರು ತಪ್ಪದೆ ಎಡವುವ ಒಂದು ಶಬ್ದವಿದೆ. ರೇಡಿಯಸ್ ಪರಿಭಾಷೆಯಲ್ಲಿ ‘ಕ್ಲಯಂಟ್’ ಎಂದರೆ ಬಳಕೆದಾರನಲ್ಲ, ಆತನ ಫೋನೂ ಅಲ್ಲ; ನಡುವೆ ನಿಂತ ಆಕ್ಸೆಸ್ ಪಾಯಿಂಟ್. ಸರ್ವರೊಡನೆ ನೇರವಾಗಿ ಮಾತನಾಡುವುದು ಅದೊಂದೇ. ಬಳಕೆದಾರನು ಹೇಳಿದುದನ್ನು ಅದು ಒಳಗೆ ತಿಳಿಸುತ್ತದೆ, ಒಳಗಿನ ತೀರ್ಪನ್ನು ಆತನ ಮೇಲೆ ಜಾರಿಮಾಡುತ್ತದೆ.

ಕ್ಲಯಂಟು ಸರ್ವರಿಗೆ ಕಳುಹಿಸುವ ಕೋರಿಕೆಗೆ ಆಕ್ಸೆಸ್-ರಿಕ್ವೆಸ್ಟ್ ಎಂದು ಹೆಸರು. ಸರ್ವರು ಕೊಡುವ ಉತ್ತರವು ಮೂರು ಬಗೆ: ಒಪ್ಪಿಗೆಯಾದ ಆಕ್ಸೆಸ್-ಆಕ್ಸೆಪ್ಟ್, ನಿರಾಕರಣೆಯಾದ ಆಕ್ಸೆಸ್-ರಿಜೆಕ್ಟ್, ‘ಇನ್ನಷ್ಟು ತಿಳಿಸು’ ಎಂಬರ್ಥದ ಆಕ್ಸೆಸ್-ಚಾಲೆಂಜ್. ಈ ಮಾತುಕತೆ ಯುಡಿಪಿ ವಿಧಾನದಿಂದ ೧೮೧೨ನೆಯ ಪೋರ್ಟಿನಲ್ಲಿ ನಡೆಯುತ್ತದೆ. ಯಾರು ಎಷ್ಟು ಹೊತ್ತು ಜಾಲದಲ್ಲಿದ್ದರೆಂಬ ಲೆಕ್ಕವು ೧೮೧೩ನೆಯ ಪೋರ್ಟಿಗೆ ಹೋಗುತ್ತದೆ. ಹಳೆಯ ಉಪಕರಣಗಳು ೧೬೪೫, ೧೬೪೬ ಎಂಬ ಸಂಖ್ಯೆಗಳನ್ನು ಬಳಸುವುದುಂಟು. ‘ಸರ್ವರು ಮೌನವಾಗಿದೆ’ ಎಂಬ ದೂರಿಗೆ ಎಷ್ಟೋ ಸಲ ಇಷ್ಟೇ ಕಾರಣ.

ಕ್ಲಯಂಟಿಗೂ ಸರ್ವರಿಗೂ ಪರಸ್ಪರ ನಂಬಿಕೆಯನ್ನು ಕಲ್ಪಿಸುವುದು ಇಬ್ಬರಿಗೆ ಮಾತ್ರ ತಿಳಿದ ಒಂದು ರಹಸ್ಯಪದ. ಇದು ಬಳಕೆದಾರನ ಪಾಸ್‌ವರ್ಡಿಗಿಂತ ಬೇರೆ. ಸಾದಾ ಕ್ರಮದಲ್ಲಿ ಬಳಕೆದಾರನ ಪಾಸ್‌ವರ್ಡನ್ನು ತಂತಿಯ ಮೇಲೆ ಮರೆಮಾಡುವುದೂ, ಉತ್ತರವು ನಿಜವಾದ ಸರ್ವರಿನಿಂದಲೇ ಬಂದಿತೆಂದು ಕ್ಲಯಂಟಿಗೆ ತೋರಿಸುವುದೂ ಈ ರಹಸ್ಯಪದದ ಬಲದಿಂದಲೇ. ಎರಡು ಕೆಲಸಗಳಿಗೂ ಎಂಡಿ-೫ ಎಂಬ ಹ್ಯಾಷ್ ಗಣನೆಯನ್ನು ಉಪಯೋಗಿಸಿದೆ. ಯಾವ ಉದ್ದದ ಪಾಠವನ್ನು ಕೊಟ್ಟರೂ ೧೬ ಬೈಟುಗಳ ಒಂದು ಮುದ್ರೆಯನ್ನು ಹಿಂದಿರುಗಿಸುವುದು ಅದರ ಸ್ವಭಾವ. ವಾಚಕರು ಇದನ್ನು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಮರಳಿ ಬರುತ್ತೇವೆ.

೩. ಮೂಲದಿಂದ ಕಟ್ಟುವುದು

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಲಿನಕ್ಸ್ ಹಂಚಿಕೆಗಳಲ್ಲಿ ಸಿದ್ಧ ಪ್ಯಾಕೇಜು ದೊರೆಯುತ್ತಿರುವಾಗ ಮೂಲದಿಂದ ಕಟ್ಟುವ ಶ್ರಮವೇಕೆ? ನಿತ್ಯದ ಸೇವೆಗೆ ಸಿದ್ಧ ಪ್ಯಾಕೇಜೇ ಸಾಕೆಂಬುದು ಬಹುಮಟ್ಟಿಗೆ ನಿಜ. ಆದರೆ ಮೂಲದಿಂದ ಕಟ್ಟುವುದಕ್ಕೆ ಎರಡು ಸಕಾರಣಗಳುಂಟು. ಹಂಚಿಕೆಯಲ್ಲಿರುವ ಆವೃತ್ತಿ ಹಳೆಯದಾಗಿದ್ದು, ನಮಗೆ ಬೇಕಾದ ತಿದ್ದುಪಡಿ ಅದರಲ್ಲಿಲ್ಲದಿರಬಹುದು. ಎರಡನೆಯದಾಗಿ, ಕಟ್ಟಿದವನಿಗೆ ತನ್ನ ಸರ್ವರಿನ ಅಂಗಾಂಗಗಳ ಪರಿಚಯವಾಗುತ್ತದೆ. ವಿದ್ಯಾರ್ಥಿಗಳಿಗೆ ಈ ಎರಡನೆಯ ಲಾಭವೇ ದೊಡ್ಡದು.

ಮೊದಲ ಹೆಜ್ಜೆ, ತಂದ ಕಟ್ಟು ಅಸಲಿಯೇ ಎಂದು ನೋಡುವುದು. ಯೋಜನೆಯವರು ಪ್ರತಿಯೊಂದು ಬಿಡುಗಡೆಯೊಡನೆ ಪಿಜಿಪಿ ಸಹಿಯನ್ನೂ ಕೊಡುತ್ತಾರೆ. ಪರರ ಗುರುತನ್ನು ಪರೀಕ್ಷಿಸಲು ಹೊರಟವರು ತಾವು ತಂದ ತಂತ್ರಾಂಶದ ಗುರುತನ್ನೇ ಪರೀಕ್ಷಿಸದಿರುವುದು ಉಚಿತವಲ್ಲ.

ಬಳಿಕ ಅವಲಂಬನೆಗಳು. ಸಿ ಕಂಪೈಲರು, ನೆನಪಿನ ನಿರ್ವಹಣೆಗೆ ಟ್ಯಾಲಕ್ ಎಂಬ ಲೈಬ್ರರಿ, ಗೂಢಲಿಪಿಯ ಕೆಲಸಗಳಿಗೆ ಓಪನ್‌ಎಸ್‌ಎಸ್‌ಎಲ್ ಲೈಬ್ರರಿ, ಇವು ಮುಖ್ಯವಾದುವು. ಕೊನೆಯದರ ವಿಷಯದಲ್ಲಿ ಒಂದು ವಿಶೇಷವುಂಟು. ೨೦೧೪ರಲ್ಲಿ ಹಾರ್ಟ್‌ಬ್ಲೀಡ್ ಎಂಬ ದೊಡ್ಡ ದೋಷವು ಓಪನ್‌ಎಸ್‌ಎಸ್‌ಎಲ್‌ನಲ್ಲಿ ಬಯಲಾದ ಮೇಲೆ, ದೋಷವುಳ್ಳದ್ದೆಂದು ತಿಳಿದ ಲೈಬ್ರರಿಯು ಕಂಡುಬಂದರೆ ಸರ್ವರು ಪ್ರಾರಂಭವಾಗಲು ನಿರಾಕರಿಸುವಂತೆ ಫ್ರೀರೇಡಿಯಸ್ ಕರ್ತೃಗಳು ವ್ಯವಸ್ಥೆ ಮಾಡಿದರು. ಈ ನಿರಾಕರಣೆಯನ್ನು ಮೀರುವ ಆಯ್ಕೆಯೂ ಇದೆ. ಅದನ್ನು ಬಳಸಬೇಕಾಗಿ ಬಂದಾಗ ಲೈಬ್ರರಿಯನ್ನು ಸರಿಪಡಿಸುವುದೇ ಯುಕ್ತ. ಕಾವಲುಗಾರನ ಬಾಯಿ ಕಟ್ಟುವುದಲ್ಲ.

ಅನಂತರ ‘ಕಾನ್ಫಿಗರ್’, ‘ಮೇಕ್’, ‘ಮೇಕ್ ಇನ್‌ಸ್ಟಾಲ್’ ಎಂಬ ಮೂರು ಆಜ್ಞೆಗಳು. ಇವುಗಳಲ್ಲಿ ಮೊದಲನೆಯದು ಗಣಕದಲ್ಲಿ ಏನೇನಿದೆ ಎಂಬುದನ್ನು ಶೋಧಿಸಿ, ಕಟ್ಟತಕ್ಕ ಭಾಗಗಳನ್ನು ನಿರ್ಧರಿಸುತ್ತದೆ. ಫ್ರೀರೇಡಿಯಸ್ ಅನೇಕ ಮಾಡ್ಯೂಲುಗಳ ಸಮೂಹ. ಎಲ್‌ಡ್ಯಾಪ್ ಕೋಶದಿಂದ ಬಳಕೆದಾರರನ್ನು ಹುಡುಕಲು ಒಂದು, ಎಸ್‌ಕ್ಯೂಎಲ್ ಕೋಷ್ಟಕಗಳಿಗೆ ಇನ್ನೊಂದು, ಹೀಗೆ. ಒಂದು ಮಾಡ್ಯೂಲಿಗೆ ಬೇಕಾದ ಲೈಬ್ರರಿ ಇಲ್ಲದಿದ್ದರೆ ಶೋಧನೆ ನಿಲ್ಲುವುದಿಲ್ಲ. ಆ ಮಾಡ್ಯೂಲನ್ನು ಮೌನವಾಗಿ ಬಿಟ್ಟುಬಿಡಲಾಗಿದೆ ಎಂಬ ಎಚ್ಚರಿಕೆಯ ಸಾಲೊಂದು, ನೂರಾರು ಸಾಲುಗಳ ನಡುವೆ, ಪರದೆಯ ಮೇಲೆ ಹಾದುಹೋಗುತ್ತದೆ. ಅದನ್ನು ಓದದವರು ಎಲ್ಲವೂ ಸರಿಯಾಗಿ ಮುಗಿಯಿತೆಂದು ತಿಳಿಯುತ್ತಾರೆ. ಕೆಲವು ವಾರಗಳ ಬಳಿಕ ಎಲ್‌ಡ್ಯಾಪ್ ಜೋಡಿಸಹೊರಟಾಗ ಆ ಮಾಡ್ಯೂಲೇ ಇಲ್ಲವೆಂದು ಕಂಡು ಬೆರಗಾಗುತ್ತಾರೆ. ಆದುದರಿಂದ ಶೋಧನೆಯ ಪೂರ್ಣ ವರದಿಯನ್ನು ಕಡತವೊಂದರಲ್ಲಿ ಉಳಿಸಿಕೊಂಡು, ಎಚ್ಚರಿಕೆಯ ಸಾಲುಗಳನ್ನು ಬೇರೆ ತೆಗೆದು ಓದಬೇಕು. ಕೊಟ್ಟ ಆಯ್ಕೆಗಳನ್ನೂ ಬರೆದಿಡಬೇಕು. ಮುಂದಿನ ಆವೃತ್ತಿಯನ್ನು ಕಟ್ಟುವಾಗ ಅವು ಮತ್ತೆ ಬೇಕಾಗುವುವು.

ಬೇರೆ ಸೂಚನೆ ಇಲ್ಲದಿದ್ದರೆ ಎಲ್ಲವೂ ‘ಯುಎಸ್‌ಆರ್’ ಕೋಶದೊಳಗಿನ ‘ಲೋಕಲ್’ ಎಂಬಲ್ಲಿ ಸ್ಥಾಪಿತವಾಗುತ್ತದೆ. ಅದೇ ಗಣಕದಲ್ಲಿ ಸಿದ್ಧ ಪ್ಯಾಕೇಜೂ ಇದ್ದರೆ ಸಂಯೋಜನೆಯ ಕಡತಗಳು ಎರಡು ಜೊತೆಯಾಗುವುವು. ನಮ್ಮ ಪ್ರಯೋಗಶಾಲೆಯಲ್ಲಿಯೇ ಒಂದು ಇಡೀ ದಿನ ಒಂದು ಜೊತೆಯ ಕಡತಗಳನ್ನು ತಿದ್ದುತ್ತ, ಇನ್ನೊಂದು ಜೊತೆಯನ್ನು ಓದಿ ನಡೆಯುತ್ತಿದ್ದ ಸರ್ವರಿನ ಹಟವನ್ನು ಕಂಡು ನಾವು ಬೇಸತ್ತದ್ದುಂಟು. ಹಟ ಸರ್ವರಿನದಾಗಿರಲಿಲ್ಲ.

೪. ಸಂಯೋಜನೆಯೂ ಪರೀಕ್ಷೆಯೂ

ಸಂಯೋಜನೆಯ ಕಡತಗಳಿರುವ ಕೋಶಕ್ಕೆ ‘ರಾಡ್‌ಡಿಬಿ’ ಎಂದು ಹೆಸರು. ಅದರಲ್ಲಿ ಯಾವ ಆಕ್ಸೆಸ್ ಪಾಯಿಂಟುಗಳನ್ನು ನಂಬಬೇಕು, ಅವುಗಳ ರಹಸ್ಯಪದವೇನು ಎಂಬುದು ‘ಕ್ಲಯಂಟ್ಸ್’ ಕಡತದಲ್ಲಿರುತ್ತದೆ. ಲಭ್ಯವಿರುವ ಮಾಡ್ಯೂಲುಗಳೆಲ್ಲ ಒಂದು ಕೋಶದಲ್ಲಿ, ನಾವು ಬಳಕೆಗೆ ಆರಿಸಿಕೊಂಡವು ಇನ್ನೊಂದು ಕೋಶದಲ್ಲಿ ಇರುತ್ತವೆ. ಕೋರಿಕೆಯು ಯಾವ ಯಾವ ಮಾಡ್ಯೂಲುಗಳನ್ನು ಯಾವ ಕ್ರಮದಲ್ಲಿ ಹಾದುಹೋಗಬೇಕೆಂಬುದನ್ನು ‘ಸೈಟ್ಸ್’ ಕೋಶದ ಕಡತಗಳು ಹೇಳುತ್ತವೆ.

ಹೊಸಬರಲ್ಲಿ ಕಂಡುಬರುವ ಒಂದು ಆತುರವೆಂದರೆ, ಬಂದ ಕೂಡಲೆ ಈ ಕಡತಗಳಲ್ಲಿ ತಿಳಿಯದ ಭಾಗಗಳನ್ನೆಲ್ಲ ಅಳಿಸಿಹಾಕುವುದು. ಕರ್ತೃಗಳು ಕೊಟ್ಟ ಮೂಲ ಸಂಯೋಜನೆಯು ಸಾಮಾನ್ಯ ಸಂದರ್ಭಗಳಲ್ಲೆಲ್ಲ ಕೆಲಸಮಾಡುವಂತೆ ರಚಿತವಾಗಿದೆ. ಅದನ್ನು ಉಳಿಸಿಕೊಂಡು, ಒಂದು ಸಲಕ್ಕೆ ಒಂದೇ ತಿದ್ದುಪಡಿ ಮಾಡಿ, ಒಡನೆ ಪರೀಕ್ಷಿಸಿ, ಸರಿಬಂದರೆ ಗಿಟ್ ಮೊದಲಾದ ದಾಖಲೆಯ ವ್ಯವಸ್ಥೆಯಲ್ಲಿ ಬರೆದಿಟ್ಟು ಮುಂದುವರಿಯುವುದೇ ಸರಿಯಾದ ದಾರಿ. ಕೆಟ್ಟಾಗ ಹಿಂದಿನ ಹೆಜ್ಜೆಗೆ ಮರಳುವುದು ಆಗ ಸುಲಭ.

ಪರೀಕ್ಷೆಯ ಕ್ರಮ ಹೀಗೆ. ‘ರೇಡಿಯಸ್‌ಡಿ’ ಆಜ್ಞೆಗೆ ದೊಡ್ಡಕ್ಷರದ ‘ಎಕ್ಸ್’ ಆಯ್ಕೆಯನ್ನು ಸೇರಿಸಿದರೆ ಸರ್ವರು ತೆರೆಯ ಮುಂದೆಯೇ ನಡೆಯುತ್ತದೆ. ತಾನು ಓದುವ ಪ್ರತಿಯೊಂದು ಕಡತದ ಹೆಸರನ್ನೂ, ಬಂದ ಪ್ರತಿಯೊಂದು ಕೋರಿಕೆಯನ್ನೂ, ಅದನ್ನು ಕುರಿತು ಕೈಗೊಂಡ ಪ್ರತಿಯೊಂದು ತೀರ್ಮಾನವನ್ನೂ ಅದು ಸಾಲುಸಾಲಾಗಿ ಹೇಳುತ್ತದೆ. ಮೇಲೆ ಹೇಳಿದ ನಮ್ಮ ಒಂದು ದಿನದ ಶ್ರಮವನ್ನು ಈ ವರದಿಯ ಮೊದಲ ಕೆಲವು ಸಾಲುಗಳೇ ಉಳಿಸಬಹುದಾಗಿತ್ತು. ಬಳಕೆದಾರರ ಕಡತಕ್ಕೆ ಪರೀಕ್ಷೆಗಾಗಿ ಒಂದು ಹೆಸರನ್ನು ಸೇರಿಸಿ, ಇನ್ನೊಂದು ಕಿಟಕಿಯಿಂದ ‘ರ‍್ಯಾಡ್‌ಟೆಸ್ಟ್’ ಆಜ್ಞೆಯ ಮೂಲಕ ಕೋರಿಕೆಯನ್ನು ಕಳುಹಿಸಿದರೆ ಆಕ್ಸೆಸ್-ಆಕ್ಸೆಪ್ಟ್ ಬರಬೇಕು. ಬೇಕೆಂದೇ ತಪ್ಪು ಪಾಸ್‌ವರ್ಡು ಕೊಟ್ಟಾಗ ಆಕ್ಸೆಸ್-ರಿಜೆಕ್ಟ್ ಬರಬೇಕು. ಎರಡನೆಯ ಪರೀಕ್ಷೆಯನ್ನು ಬಿಡುವವರೇ ಹೆಚ್ಚು. ಎಲ್ಲರಿಗೂ ಬಾಗಿಲು ತೆರೆಯುವ ಸರ್ವರು ಮೊದಲನೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ ಎಂಬುದನ್ನು ಅವರು ಮರೆಯುತ್ತಾರೆ.

ಒಂದು ಎಚ್ಚರಿಕೆ. ಈ ವಿವರವಾದ ವರದಿಯಲ್ಲಿ ಬಳಕೆದಾರರ ಪಾಸ್‌ವರ್ಡುಗಳು ಬಯಲಾಗಿಯೇ ಕಾಣಿಸಿಕೊಳ್ಳಬಹುದು. ಅದನ್ನು ಸಲಹೆಗಾಗಿ ಹೊರಗಿನವರಿಗೆ ಕಳುಹಿಸುವಾಗ ಅವನ್ನು ಅಳಿಸಿಯೇ ಕಳುಹಿಸತಕ್ಕದ್ದು. ಮತ್ತೊಂದು, ಸ್ಥಳೀಯ ಪರೀಕ್ಷೆಗೆಂದು ಮೂಲದಲ್ಲಿ ‘ಟೆಸ್ಟಿಂಗ್೧೨೩’ ಎಂಬ ರಹಸ್ಯಪದವನ್ನು ಕೊಟ್ಟಿದೆ. ಲೋಕಕ್ಕೆಲ್ಲ ಗೊತ್ತಿರುವ ಈ ಪದವನ್ನು ನಿಜವಾದ ಆಕ್ಸೆಸ್ ಪಾಯಿಂಟುಗಳಿಗೆ ಎಂದಿಗೂ ಬಳಸಲಾಗದು. ಪ್ರತಿಯೊಂದಕ್ಕೂ ದೀರ್ಘವಾದ, ಗಣಕವೇ ಯಾದೃಚ್ಛಿಕವಾಗಿ ರಚಿಸಿದ, ಬೇರೆ ಬೇರೆ ರಹಸ್ಯಪದ ಬೇಕು.

೫. ಪಾಸ್‌ವರ್ಡಿನ ಸಂಗ್ರಹವೂ ಪರೀಕ್ಷೆಯ ವಿಧಾನವೂ

ನಿರ್ವಾಹಕರನ್ನು ಬಹಳವಾಗಿ ಕಾಡುವ ಪ್ರಶ್ನೆಯೊಂದುಂಟು: ‘ಪಾಸ್‌ವರ್ಡು ಸರಿಯಾಗಿದ್ದರೂ ಸರ್ವರು ಒಪ್ಪುವುದಿಲ್ಲವೇಕೆ?’ ಇದಕ್ಕೆ ಉತ್ತರವು ಸಂಯೋಜನೆಯಲ್ಲಿಲ್ಲ, ಗಣಿತದಲ್ಲಿದೆ.

ವಿವೇಕಿಗಳು ಪಾಸ್‌ವರ್ಡನ್ನು ಇದ್ದಂತೆಯೇ ಸಂಗ್ರಹಿಸುವುದಿಲ್ಲ; ಅದರ ಹ್ಯಾಷನ್ನು ಮಾತ್ರ ಇಡುತ್ತಾರೆ. ಬಳಕೆದಾರನು ಪಾಸ್‌ವರ್ಡನ್ನೇ ಕಳುಹಿಸುವ ಪ್ಯಾಪ್ ವಿಧಾನದಲ್ಲಿ ಇದರಿಂದ ತೊಂದರೆಯಿಲ್ಲ. ಬಂದುದನ್ನು ಸರ್ವರು ಹ್ಯಾಷ್ ಮಾಡಿ ಸಂಗ್ರಹದೊಡನೆ ಹೋಲಿಸುತ್ತದೆ. ಚ್ಯಾಪ್ ವಿಧಾನದಲ್ಲಾದರೋ ಬಳಕೆದಾರನ ಕಡೆಯಿಂದ ಪಾಸ್‌ವರ್ಡು ಬರುವುದೇ ಇಲ್ಲ. ಪಾಸ್‌ವರ್ಡನ್ನೂ ಒಂದು ಯಾದೃಚ್ಛಿಕ ಸವಾಲನ್ನೂ ಕೂಡಿಸಿ ಗಣಿಸಿದ ಫಲ ಬರುತ್ತದೆ. ಅದನ್ನು ಸರಿನೋಡಲು ಸರ್ವರೂ ಅದೇ ಗಣನೆ ಮಾಡಬೇಕು. ಅದಕ್ಕೆ ಮೂಲ ಪಾಸ್‌ವರ್ಡೇ ಬೇಕು. ಎಂಎಸ್-ಚ್ಯಾಪ್ ವಿಧಾನಕ್ಕೆ ಮೂಲ ಪಾಸ್‌ವರ್ಡು, ಇಲ್ಲವೆ ಎನ್‌ಟಿ ಹ್ಯಾಷ್ ಎಂಬ ಒಂದು ನಿರ್ದಿಷ್ಟ ಹ್ಯಾಷ್ ಬೇಕು. ಸಂಗ್ರಹದಲ್ಲಿ ಬೇರೊಂದು ಬಗೆಯ ಹ್ಯಾಷ್ ಇದ್ದರೆ ಯಾವ ಸಂಯೋಜನೆಯಿಂದಲೂ ಇದು ಸಾಧ್ಯವಾಗದು. ಆದುದರಿಂದ ಸಂಗ್ರಹದ ಬಗೆಯನ್ನು ಮೊದಲು ನೋಡಿ, ಅದಕ್ಕೆ ಹೊಂದುವ ವಿಧಾನವನ್ನು ಅನಂತರ ಆರಿಸಬೇಕು.

ಹಾಗಾದರೆ ವೈ-ಫೈಯಲ್ಲಿ ಪಾಸ್‌ವರ್ಡನ್ನೇ ಕಳುಹಿಸುವ ಪ್ಯಾಪ್ ಅಪಾಯಕಾರಿಯಲ್ಲವೆ? ಅದನ್ನು ಬರಿದಾಗಿ ಕಳುಹಿಸುವುದಿಲ್ಲ. ಇಎಪಿ-ಟಿಟಿಎಲ್‌ಎಸ್ ಎಂಬ ವಿಧಾನದಲ್ಲಿ ಬಳಕೆದಾರನ ಫೋನು ಆಕ್ಸೆಸ್ ಪಾಯಿಂಟನ್ನು ಹಾದು ಸರ್ವರಿನವರೆಗೂ ಟಿಎಲ್‌ಎಸ್ ಗೂಢಲಿಪಿಯ ಸುರಂಗವೊಂದನ್ನು ಕಟ್ಟಿಕೊಂಡು, ಅದರೊಳಗಿಂದ ಪಾಸ್‌ವರ್ಡನ್ನು ಕಳುಹಿಸುತ್ತದೆ. ನಡುವಣ ಉಪಕರಣಕ್ಕೆ ಅದು ಕಾಣುವುದಿಲ್ಲ. ಬ್ಯಾಂಕಿನ ಜಾಲತಾಣವನ್ನು ರಕ್ಷಿಸುವುದೂ ಇದೇ ಟಿಎಲ್‌ಎಸ್.

ಆದರೆ ಸುರಂಗದ ಆ ತುದಿಯಲ್ಲಿ ಇರುವುದು ನಮ್ಮ ಸರ್ವರೇ ಎಂಬುದಕ್ಕೆ ಆಧಾರವೇನು? ಸರ್ವರು ತೋರಿಸುವ ಪ್ರಮಾಣಪತ್ರ. ಫೋನು ಅದನ್ನು ಸರಿನೋಡದೆ ಮುಂದುವರಿದರೆ ಸುರಂಗವೆಲ್ಲ ವ್ಯರ್ಥ. ಯಾರಾದರೂ ಒಬ್ಬನು ಕಾಲೇಜಿನ ಜಾಲದ ಹೆಸರನ್ನೇ ಇಟ್ಟ ಆಕ್ಸೆಸ್ ಪಾಯಿಂಟನ್ನು ಚೀಲದಲ್ಲಿಟ್ಟುಕೊಂಡು ಕ್ಯಾಂಟೀನಿನಲ್ಲಿ ಕುಳಿತರೆ, ಬಂದವರ ಪಾಸ್‌ವರ್ಡುಗಳೆಲ್ಲ ಆತನ ಸರ್ವರಿಗೆ ಸುರಕ್ಷಿತವಾಗಿ ತಲಪುವುವು. ‘ಪ್ರಮಾಣಪತ್ರವನ್ನು ಪರೀಕ್ಷಿಸಬೇಡ ಎಂಬುದನ್ನು ಆರಿಸಿಕೊಳ್ಳಿ’ ಎಂದು ವಿದ್ಯಾರ್ಥಿಗಳಿಗೆ ಸೂಚನಾಪತ್ರ ಹಚ್ಚುವ ಸಂಸ್ಥೆಯು ತನ್ನ ಬೀಗದ ಕೈಯನ್ನು ತಾನೇ ಹಂಚಿದಂತೆ.

ಮೂಲದಿಂದ ಕಟ್ಟಿದ ಸರ್ವರಿನೊಡನೆ ಪರೀಕ್ಷಾರ್ಥ ಪ್ರಮಾಣಪತ್ರಗಳನ್ನು ರಚಿಸುವ ಸಾಧನವೂ ಬರುತ್ತದೆ. ಮೂಲ ಸಂಯೋಜನೆಯಂತೆ ಅವುಗಳ ಆಯುಸ್ಸು ೬೦ ದಿನ ಮಾತ್ರ. ಪರೀಕ್ಷೆಗೆ ರಚಿಸಿದುದನ್ನು ಸೇವೆಗೆ ಬಳಸದಿರಲೆಂದು ಇಷ್ಟು ಅಲ್ಪಾಯುಸ್ಸು ಕೊಟ್ಟಿದೆ. ಅದನ್ನು ಲಕ್ಷಿಸದೆ ಸೇವೆಗೆ ಹೂಡಿದವರ ಜಾಲವು ಎರಡು ತಿಂಗಳ ಬಳಿಕ ಒಂದು ಬೆಳಿಗ್ಗೆ ಎಲ್ಲರಿಗೂ ಏಕಕಾಲದಲ್ಲಿ ಮುಚ್ಚಿಕೊಳ್ಳುತ್ತದೆ. ಸೇವೆಗೆ ಸಂಸ್ಥೆಯು ತನ್ನದೇ ಪ್ರಮಾಣಪತ್ರವನ್ನು ಯೋಚಿಸಿ ರಚಿಸಿಕೊಂಡು, ಅದು ಮುಗಿಯುವ ದಿನಾಂಕವನ್ನು ಕಚೇರಿಯ ಪಂಚಾಂಗದಲ್ಲಿ ಗುರುತು ಹಾಕಿಕೊಳ್ಳಬೇಕು.

೬. ಸಂಸ್ಥೆಯಿಂದ ಸಂಸ್ಥೆಗೆ

ರೇಡಿಯಸ್ ಸರ್ವರು ತನಗೆ ಸೇರದ ಕೋರಿಕೆಯನ್ನು ಇನ್ನೊಂದು ಸರ್ವರಿಗೆ ದಾಟಿಸಬಲ್ಲದು. ಬಳಕೆದಾರನ ಹೆಸರಿನ ಕೊನೆಯಲ್ಲಿ ಬರುವ ಸಂಸ್ಥೆಯ ಹೆಸರೇ ಇದಕ್ಕೆ ಗುರುತು. ಈ ಗುಣವನ್ನು ಆಧರಿಸಿ ಯುರೋಪಿನಲ್ಲಿ ೨೦೦೨–೦೩ರಲ್ಲಿ ಎಜುರೋಮ್ ಎಂಬ ವ್ಯವಸ್ಥೆ ಮೊಳೆಯಿತು. ಒಂದು ವಿಶ್ವವಿದ್ಯಾನಿಲಯದ ಅಧ್ಯಾಪಕರು ಇನ್ನೊಂದಕ್ಕೆ ಹೋದಾಗ ತಮ್ಮ ಊರಿನ ಹೆಸರು ಪಾಸ್‌ವರ್ಡುಗಳಿಂದಲೇ ಅಲ್ಲಿನ ಜಾಲವನ್ನು ಸೇರಬಹುದು. ಭಾರತದಲ್ಲಿ ಇದರ ನಿರ್ವಹಣೆಯನ್ನು ಎರ್ನೆಟ್ ಇಂಡಿಯಾ ಸಂಸ್ಥೆ ವಹಿಸಿಕೊಂಡಿದೆ. ಕೋರಿಕೆಯು ಹಲವು ಸರ್ವರುಗಳನ್ನು ದಾಟಿ ಸ್ವಸ್ಥಾನಕ್ಕೆ ಬಂದರೂ, ಮೇಲೆ ಹೇಳಿದ ಸುರಂಗದಿಂದಾಗಿ ನಡುವಣವರಿಗೆ ಪಾಸ್‌ವರ್ಡು ತಿಳಿಯುವುದಿಲ್ಲ. ಅತಿಥಿಯು ತನ್ನ ಫೋನಿನಲ್ಲಿ ಪ್ರಮಾಣಪತ್ರದ ಪರೀಕ್ಷೆಯನ್ನು ಕೈಬಿಟ್ಟಿದ್ದರೆ ಮಾತ್ರ ಯಾವ ಊರಿನಲ್ಲಾದರೂ ಆತನು ಮೋಸಹೋಗಬಹುದು. ಒಂದು ಕಾಲೇಜಿನ ಅಜಾಗರೂಕತೆ ಆ ಕಾಲೇಜಿನ ಗೋಡೆಯೊಳಗೇ ಉಳಿಯುವುದಿಲ್ಲವೆಂಬುದು ಇದರಿಂದ ಸ್ಪಷ್ಟ.

೭. ೨೦೨೪ರ ಪಾಠ

ಎಂಡಿ-೫ ಗಣನೆಗೆ ಮರಳಿ ಬರೋಣ. ಎರಡು ಬೇರೆ ಬೇರೆ ಪಾಠಗಳಿಗೆ ಒಂದೇ ಮುದ್ರೆ ಬರುವಂತೆ ಮಾಡಬಹುದೆಂದು ೨೦೦೪ರಲ್ಲಿ ಚೀನಾದ ಶಿಯಾವ್‌ಯುನ್ ವಾಂಗ್ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಆದರೂ ರೇಡಿಯಸ್ಸಿನಲ್ಲಿ ಅದು ಉಳಿದುಕೊಂಡಿತು. ಅಲ್ಲಿನ ಬಳಕೆಗೆ ಈ ದೋಷದಿಂದ ಬಾಧೆಯಿಲ್ಲವೆಂಬುದು ರೂಢಿಯ ನಂಬಿಕೆಯಾಗಿತ್ತು. ೨೦೨೪ರ ಜುಲೈ ೯ರಂದು ಬಾಸ್ಟನ್ ವಿಶ್ವವಿದ್ಯಾನಿಲಯ, ಸಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯ, ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯುಐ ಮೊದಲಾದ ಸಂಸ್ಥೆಗಳ ಸಂಶೋಧಕರು ಬ್ಲಾಸ್ಟ್-ರೇಡಿಯಸ್ ಎಂಬ ಹೆಸರಿನಿಂದ ಪ್ರಕಟಿಸಿದ ಆಕ್ರಮಣವು ಈ ನಂಬಿಕೆಯನ್ನು ಹುಸಿಮಾಡಿತು.

ಅದರ ತಿರುಳು ಹೀಗಿದೆ. ಸರ್ವರು ತನ್ನ ಉತ್ತರವನ್ನು ಬರೆದು, ಕೊನೆಯಲ್ಲಿ ರಹಸ್ಯಪದವನ್ನು ಸೇರಿಸಿ, ಒಟ್ಟಿನ ಎಂಡಿ-೫ ಮುದ್ರೆಯನ್ನು ಒತ್ತುತ್ತದೆ. ರಹಸ್ಯಪದ ಕೊನೆಯಲ್ಲಿ ಬರುವುದೇ ಇಲ್ಲಿನ ಮರ್ಮ. ಎಂಡಿ-೫ ಪಾಠವನ್ನು ತುಂಡುತುಂಡಾಗಿ ಗಣಿಸುತ್ತ ಹೋಗುವುದರಿಂದ, ಎರಡು ಪಾಠಗಳು ಒಂದು ಹಂತದಲ್ಲಿ ಒಂದೇ ಸ್ಥಿತಿಗೆ ಬಂದರೆ, ಎರಡಕ್ಕೂ ಒಂದೇ ಬಾಲವನ್ನು ಸೇರಿಸಿದಾಗ ಮುದ್ರೆಯೂ ಒಂದೇ ಆಗುವುದು. ಬಾಲ ಏನೆಂದು ತಿಳಿಯಬೇಕಾಗಿಲ್ಲ. ಕ್ಲಯಂಟಿಗೂ ಸರ್ವರಿಗೂ ನಡುವೆ ತಂತಿಯನ್ನು ಹಿಡಿದು ಕುಳಿತ ಆಕ್ರಮಣಕಾರನು, ಬರಲಿರುವ ‘ನಿರಾಕರಣೆ’ಗೂ ತನಗೆ ಬೇಕಾದ ‘ಒಪ್ಪಿಗೆ’ಗೂ ಒಂದೇ ಸ್ಥಿತಿ ಬರುವಂತೆ ಅರ್ಥವಿಲ್ಲದ ಬೈಟುಗಳನ್ನು ಗಣಿಸಿ, ಅವನ್ನು ಪ್ರಾಕ್ಸಿ-ಸ್ಟೇಟ್ ಎಂಬ ಅಂಗದಲ್ಲಿಟ್ಟು ಕೋರಿಕೆಗೆ ಸೇರಿಸುತ್ತಾನೆ. ಬಂದ ಪ್ರಾಕ್ಸಿ-ಸ್ಟೇಟನ್ನು ಇದ್ದಂತೆಯೇ ಹಿಂದಿರುಗಿಸುವುದು ಸರ್ವರಿನ ನಿಯಮ. ಸರ್ವರು ನಿರಾಕರಿಸಿ ಮುದ್ರೆಯೊತ್ತುತ್ತದೆ. ಆಕ್ರಮಣಕಾರನು ಆ ಮುದ್ರೆಯನ್ನು ತನ್ನ ಒಪ್ಪಿಗೆಯ ಪತ್ರಕ್ಕೆ ಅಂಟಿಸಿ ಕಳುಹಿಸುತ್ತಾನೆ. ರಹಸ್ಯಪದವೂ ತಿಳಿಯದೆ, ಯಾರ ಪಾಸ್‌ವರ್ಡೂ ತಿಳಿಯದೆ ಬಾಗಿಲು ತೆರೆಯುತ್ತದೆ. ಸಂಶೋಧಕರ ಪ್ರಾತ್ಯಕ್ಷಿಕೆಯಲ್ಲಿ ಈ ಗಣನೆಗೆ ಹಿಡಿದ ಕಾಲ ೩ರಿಂದ ೬ ನಿಮಿಷ.

ವೈ-ಫೈಯಲ್ಲಿ ಬಳಸುವ ಇಎಪಿ ವಿಧಾನಗಳಿಗೆ ಈ ಬಾಧೆಯಿಲ್ಲ. ಅವುಗಳಲ್ಲಿ ಮೆಸೇಜ್-ಆಥೆಂಟಿಕೇಟರ್ ಎಂಬ, ರಹಸ್ಯಪದವನ್ನು ಬೇರೆ ರೀತಿಯಲ್ಲಿ ಬೆರೆಸಿದ ಮುದ್ರೆ ಕಡ್ಡಾಯ. ಪ್ಯಾಪ್, ಚ್ಯಾಪ್‌ಗಳನ್ನು ಸುರಂಗವಿಲ್ಲದೆ ಬಳಸುವ ಕಡೆ ಬಾಧೆಯುಂಟು. ಸ್ವಿಚ್ಚುಗಳನ್ನು ನಿರ್ವಹಿಸಲು ನಿರ್ವಾಹಕರೇ ಒಳಹೋಗುವ ಬಾಗಿಲು ಸಾಮಾನ್ಯವಾಗಿ ಈ ಬಗೆಯದು. ಎಂದರೆ ಮನೆಯ ಬಾಗಿಲು ಭದ್ರವಾಗಿದ್ದು ಬೀಗದವನ ಕೊಠಡಿಯೇ ತೆರೆದಂತೆ.

ಪ್ರಕಟಣೆಯ ದಿನವೇ ಫ್ರೀರೇಡಿಯಸ್ ೩.೨.೫ನೆಯ ಆವೃತ್ತಿ ಹೊರಬಂದಿತು. ಪ್ರತಿಯೊಂದು ಕ್ಲಯಂಟಿನಿಂದಲೂ ಮೆಸೇಜ್-ಆಥೆಂಟಿಕೇಟರನ್ನು ಕಡ್ಡಾಯವಾಗಿ ಬೇಡುವ ಆಯ್ಕೆ ಅದರಲ್ಲಿದೆ. ಮೊದಲು ಸರ್ವರನ್ನು ನವೀಕರಿಸಿ, ಆಮೇಲೆ ಒಂದೊಂದೇ ಉಪಕರಣವನ್ನು ನವೀಕರಿಸಿ, ನವೀಕರಿಸಿದ ಉಪಕರಣಕ್ಕೆ ಈ ಆಯ್ಕೆಯನ್ನು ಕಡ್ಡಾಯಗೊಳಿಸುತ್ತ ಬರಬೇಕು. ರೇಡಿಯಸ್ಸನ್ನು ಟಿಎಲ್‌ಎಸ್ ಒಳಗೇ ಸಾಗಿಸುವ ಕ್ರಮವು ೨೦೧೨ರಲ್ಲಿಯೇ ಆರ್‌ಎಫ್‌ಸಿ ೬೬೧೪ರ ರೂಪದಲ್ಲಿ ಪ್ರಕಟವಾಗಿದೆ. ಉಪಕರಣಗಳು ಒಪ್ಪುವ ಕಡೆ ಅದೇ ಉತ್ತಮ.

ಈಗ ಪ್ರಾರಂಭದ ಮಾತಿಗೆ ಬರುತ್ತೇವೆ. ಸಿದ್ಧ ಪ್ಯಾಕೇಜನ್ನು ಬಳಸಿದವರಿಗೆ ಈ ತಿದ್ದುಪಡಿಯು ತಮ್ಮ ಹಂಚಿಕೆಯ ನವೀಕರಣದೊಡನೆ ತಾನಾಗಿ ಬರುತ್ತದೆ. ಮೂಲದಿಂದ ಕಟ್ಟಿದವರಿಗೆ ಹಾಗೆ ಬರುವುದಿಲ್ಲ. ಅವರು ಸುದ್ದಿಯನ್ನು ತಾವೇ ಅರಿಯಬೇಕು, ಕಟ್ಟನ್ನು ತಾವೇ ತರಬೇಕು, ಸಹಿಯನ್ನು ನೋಡಬೇಕು, ಹಿಂದಿನ ಆಯ್ಕೆಗಳನ್ನು ನೆನೆದು ಮತ್ತೆ ಕಟ್ಟಬೇಕು. ಸರ್ವರನ್ನು ಉತ್ಸಾಹದಿಂದ ಕಟ್ಟಿದ ವಿದ್ಯಾರ್ಥಿಯು ಪದವಿ ಪಡೆದು ಹೊರಟುಹೋಗಿ, ಆತನ ಟಿಪ್ಪಣಿಗಳೂ ಉಳಿಯದೆ, ‘ನಡೆಯುತ್ತಿದೆಯಲ್ಲ, ಮುಟ್ಟಬೇಡಿ’ ಎಂಬ ಸ್ಥಿತಿಯಲ್ಲಿ ವರ್ಷಗಳ ಕಾಲ ನಡೆಯುವ ಸರ್ವ‍ರೇ ಹೆಚ್ಚಿನ ಅಪಾಯವುಳ್ಳದ್ದು.

೮. ನಿರ್ವಹಣೆಯ ಕೆಲವು ನಿಯಮಗಳು

ಮೇಲಿನ ವಿವೇಚನೆಯಿಂದ ಫಲಿಸುವ ನಿಯಮಗಳನ್ನು ಸಂಗ್ರಹವಾಗಿ ಹೇಳಬಹುದು. ಸರ್ವರನ್ನು ರೂಟ್ ಅಧಿಕಾರದಿಂದಲ್ಲದೆ ಅದಕ್ಕೇ ಮೀಸಲಾದ ಬಳಕೆದಾರನ ಹೆಸರಿನಲ್ಲಿ ನಡೆಸಬೇಕು. ರಹಸ್ಯಪದಗಳುಳ್ಳ ಕಡತಗಳನ್ನು ಆತನ ಹೊರತು ಇತರರು ಓದಲಾಗದಂತಿರಬೇಕು. ಪುನಃ ಪ್ರಾರಂಭಿಸುವ ಮುನ್ನ ದೊಡ್ಡಕ್ಷರದ ‘ಸಿ’ ಆಯ್ಕೆಯಿಂದ ಸಂಯೋಜನೆಯನ್ನು ಸರಿನೋಡಬೇಕು. ತಪ್ಪಿದ್ದರೆ ಸೇವೆ ನಿಲ್ಲುವ ಮೊದಲೇ ತಿಳಿಯುವುದು. ತಪ್ಪಾದ ಪಾಸ್‌ವರ್ಡುಗಳನ್ನು ದಾಖಲೆಯಲ್ಲಿ ಬರೆಯಿಸಬಾರದು. ಒಂದಕ್ಷರ ತಪ್ಪಿದ ಪಾಸ್‌ವರ್ಡು ಸರಿಯಾದುದನ್ನು ಬಯಲು ಮಾಡುತ್ತದೆ. ಎರಡು ಸರ್ವರುಗಳಿದ್ದು ಒಂದು ಕೆಟ್ಟಾಗ ಇನ್ನೊಂದು ಉತ್ತರಿಸುವಂತಿರಬೇಕು. ತಿದ್ದುಪಡಿಯನ್ನು ಒಂದರಲ್ಲಿ ಪರೀಕ್ಷಿಸಿ ಮತ್ತೊಂದಕ್ಕೆ ಒಯ್ಯಬಹುದು. ಕಡೆಯದಾಗಿ, ಸರ್ವರು ಯಾರ ಹೊಣೆ, ಆತನ ಬಳಿಕ ಯಾರ ಹೊಣೆ ಎಂಬುದು ಕಾಗದದ ಮೇಲಿರಬೇಕು.

ಕಾಲೇಜುಗಳಲ್ಲಿ ಇದನ್ನು ಪ್ರಯೋಗಪಾಠವಾಗಿ ಇಡಲು ಸಾಮಾನ್ಯ ಗಣಕವೊಂದು, ಹಳೆಯ ಆಕ್ಸೆಸ್ ಪಾಯಿಂಟೊಂದು ಸಾಕು. ವಿದ್ಯಾರ್ಥಿಗಳು ಮೂಲವನ್ನು ತಂದು ಕಟ್ಟಲಿ. ಬಿಟ್ಟುಹೋದ ಮಾಡ್ಯೂಲುಗಳನ್ನು ಪಟ್ಟಿಮಾಡಲಿ. ಸರಿಯಾದ ಪಾಸ್‌ವರ್ಡಿಗೂ ತಪ್ಪಾದುದಕ್ಕೂ ಬರುವ ಉತ್ತರಗಳನ್ನು ಬೈಟು ಬೈಟಾಗಿ ಬಿಡಿಸಿ ನೋಡಲಿ. ಅನಂತರ ಆ ಸರ್ವರನ್ನೂ ಅದರ ಟಿಪ್ಪಣಿಗಳನ್ನೂ ಮುಂದಿನ ವರ್ಷದ ತರಗತಿಗೆ ಒಪ್ಪಿಸಲಿ. ಹೊಸ ತರಗತಿಯವರು ಬರಿಯ ಆ ಟಿಪ್ಪಣಿಗಳ ಆಧಾರದಿಂದ ಹೊಸ ಆವೃತ್ತಿಯನ್ನು ಕಟ್ಟಲು ಶಕ್ತರಾದರೆ ಹಿಂದಿನವರು ತೇರ್ಗಡೆಯಾದರೆಂದು ತಿಳಿಯಬಹುದು.